ಉಣ್ಣಿ ಡಾಕ್ಟ್ರಮ್ಮ

ಮುಬೀನಾ ಡಾಕ್ಟ್ರಮ್ಮನ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ ಇರುತ್ತಿತ್ತೋ ಇಲ್ಲವೋ, ಹತ್ತಿಯಿಂದ ಬಾಯಿ ಮುಚ್ಚಿದ ಪುಟ್ಟ ಸೀಸೆಗಳಲ್ಲಿ ಜೀವಂತ ಉಣ್ಣಿಗಳಂತೂ ಇರುತ್ತಿದ್ದವು. ಚಿತ್ರದುರ್ಗದ ಪ್ಯಾಟೆಯಲ್ಲಿ ಬೆಳೆದ ಹೆಣ್ಣುಮಗಳು ತಾಳ್ಯದ ಕಡೆಯ ನಮ್ಮೂರಿನ ದನದ ಆಸ್ಪತ್ರೆಗೆ ಬಂದಾಗ ಎಲ್ಲರೂ ಮೂಗು ಮುರಿದಿದ್ದರು. ಅವರೋ ಹಸುವಿನ ಕಿವಿ ಮಡಚಿ, ಉಣ್ಣಿಯೊಂದನ್ನು ಕಿತ್ತು, ಬಿಸಿಲಿಗೆ ಹಿಡಿದು, "ಏನಮ್ಮ, ಊಟ ಆಯ್ತಾ?" ಅಂತ ಅದನ್ನೇ ಮಾತಾಡಿಸುವರು.

ನಮ್ಮ ಎಂಟು ತಿಂಗಳ ಗಬ್ಬದ ಹಸು ಮೇವು ಬಿಟ್ಟು, ಕಾಫಿ ಬಣ್ಣದ ಗಂಜಲ ಹಾಕಿದ ದಿನ ಅವರನ್ನು ಕರೆಸಿದೆ. ಸೂಜಿ ಚುಚ್ಚುತ್ತಲೇ, "ಉಣ್ಣಿ ಜ್ವರ. ಕಿತ್ತ ಉಣ್ಣಿ ಏನ್ ಮಾಡ್ತೀರಿ ಅಕ್ಕ?" ಅಂದರು.

"ಕೆಂಡಕ್ಕೆ ಹಾಕ್ತೀನಿ."

ಅರ್ಧ ಸುಳ್ಳು. ಸೋಮವಾರ ಬಸವಣ್ಣನ ವಾರ. ಹಸು ತೊಳೆದು ಉಣ್ಣಿ ಕೀಳುವುದೂ ಹೆಚ್ಚಾಗಿ ಅವತ್ತೇ. ಆ ದಿನ ಜೀವ ತೆಗೆಯಬಾರದೆಂದು, ಹರಳುಬೀಜದಂತೆ ಊದಿದವನ್ನು ಹಿತ್ತಲ ಗೋಡೆ ಬುಡಕ್ಕೆ ಬಿಟ್ಟುಬಿಡುತ್ತಿದ್ದೆ.

"ಹಂಗಾದ್ರೆ ಬಯಲಿಂದ ಬಂದೈತೆ. ಮೇಯಾಕೆ ಬಿಡಬ್ಯಾಡ್ರಿ, ಹಿತ್ತಲ ಗೋಡೆ ನೆರಳಿಗೆ ಕಟ್ರಿ. ಇನ್ನೊಂದು ಸಲ ಕಚ್ಚಿಸ್ಕಂಡ್ರೆ ಹಸು ತಡೆಯಲ್ಲ, ಕರೂನೂ ಉಳಿಯಲ್ಲ."

ನಾನು ಉಣ್ಣಿ ಬಿಡುತ್ತಿದ್ದದ್ದೂ ಅಲ್ಲಿಗೇ. "ಅಷ್ಟು ರೋಗ ಹೊತ್ತ ಹುಳ ತಾನೇ ಸಾಯಲ್ವಾ, ಡಾಕ್ಟ್ರಮ್ಮ?" ಅಂದೆ. ಹೌದು ಅಂದುಬಿಟ್ಟಿದ್ದರೆ ಸಾಕಿತ್ತು.

"ಎಲ್ಲಿ ಸಾಯ್ತೈತೆ! ಅದರ ಮೈಯಾಗೂ ಹುಟ್ಟಿದಾಗಿಂದ ಕಾವಲು ಐತೆ. ಒಳಗೆ ಬಂದ ರೋಗಾಣು ಕೆಲವನ್ನ ನುಂಗ್ತೈತೆ, ಕೆಲವನ್ನ ಸುತ್ತುಗಟ್ಟಿ ಕೊಲ್ತೈತೆ. ಪೂರಾ ತೆಗೆಯಾಕೆ ಆಗಲ್ಲ, ಅಂಕೆಯಾಗೆ ಇಟ್ಕಂತೈತೆ. ಹಂಗಾಗಿ ಅದೂ ಬದುಕ್ತೈತೆ, ರೋಗಾನೂ ಬದುಕ್ತೈತೆ. ತಾಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟ್ತೈತೆ."

ಅಷ್ಟರಲ್ಲಿ ನಮ್ಮ ಮನೆಯವರು ಹಗ್ಗ ಬಿಚ್ಚಿ ಹಸುವನ್ನು ಹಿತ್ತಲಿಗೆ ನಡೆಸುತ್ತಿದ್ದರು. ಅದು ತೂರಾಡುತ್ತಾ ಗೋಡೆಯ ಹತ್ತಿರ ಹೋಗುತ್ತಿತ್ತು.

"ಬ್ಯಾಡ! ನಿಲ್ಸ್ರಿ!" ಅಂತ ಕೂಗಿಕೊಂಡೆ. ಸೋಮವಾರದ ಸಂಗತಿ ಎಲ್ಲಾ ಹೇಳಿದೆ.

"ಇಷ್ಟೊತ್ತು ಬಾಯಾಗೆ ಏನಿಟ್ಕಂಡಿದ್ದೆ?" ಅಂತ ಮನೆಯವರು ಹೌಹಾರಿದರು. ಡಾಕ್ಟ್ರಮ್ಮ ಗೋಡೆ ಬುಡ ಕೆದಕಿದರು. ಬಿರುಕಿನಲ್ಲಿ ರಾಗಿಕಾಳಿಗಿಂತ ಸಣ್ಣ ಮರಿಗಳು ಗುಂಪಾಗಿ ಹರಿದಾಡುತ್ತಿದ್ದವು.

"ಚೆನ್ನಾಗೇ ಸಾಕೀರಿ ಬಿಡ್ರಿ ಅಕ್ಕ," ಅಂದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಹಸುವನ್ನು ಮನೆ ಮುಂದಿನ ಬೇವಿನ ಮರಕ್ಕೆ ಕಟ್ಟಿಸಿ, ವೇಲು ಸೊಂಟಕ್ಕೆ ಬಿಗಿದು, ಗೋಡೆಗೆಲ್ಲ ತಾವೇ ಔಷಧಿ ಹೊಡೆದರು.

ಮೂರು ದಿನ ಗಂಜಲ ನೋಡುವುದೇ ನನ್ನ ಪೂಜೆಯಾಯಿತು. ಮೂರನೆಯ ದಿನ ತಿಳಿಯಾಯಿತು. ನೋಡಲು ಬಂದ ಡಾಕ್ಟ್ರಮ್ಮ ಹಸುವಿನ ಹೊಟ್ಟೆಗೆ ಅಂಗೈ ಒತ್ತಿ, ನನ್ನ ಕೈಯನ್ನೂ ಎಳೆದು ಅಲ್ಲಿಟ್ಟರು. ಒಳಗಿಂದ ಕರು ಒದೆಯಿತು.

"ಸೋಮವಾರ ಹಸು ತೊಳೀರಿ, ಮಂಗಳವಾರ ಉಣ್ಣಿ ಕಿತ್ತು ಸುಡ್ರಿ. ನಿಮ್ಮ ದೇವ್ರು, ನಮ್ಮ ದೇವ್ರು, ಇಬ್ರೂ ಒಪ್ತಾರೆ," ಅಂದು ಸ್ಕೂಟಿ ಹತ್ತಿದರು.

ಹಸು ಈದ ಮೇಲೆ ಗಿಣ್ಣು ಕಾಸಿ, ಡಬ್ಬಿ ತುಂಬಿಕೊಂಡು ಆಸ್ಪತ್ರೆಗೆ ಹೋದೆ. ಅವರ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. "ಮೇಡಂಗೆ ಹಿರಿಯೂರು ಕಡೆ ವರ್ಗ ಆಯ್ತಲ್ಲಮ್ಮ, ಹೋದ ವಾರ."

ಶಿವ ಹಸು ಉಳಿಸಿದ, ಕರು ಉಳಿಸಿದ. ಇಷ್ಟು ಕೊಟ್ಟವನು ಆ ವರ್ಗವನ್ನೂ ಒಂದು ವಾರ ತಡೆದಿದ್ದರೆ ಏನಾಗುತ್ತಿತ್ತು ಅನ್ನಿಸಿತು. ಡಬ್ಬಿ ಇನ್ನೂ ಬಿಸಿಯಿತ್ತು. ಆ ಹೊಸಬರ ಮುಂದೆಯೇ ಇಟ್ಟು ಬಂದೆ.