ಮೈತೊಳೆಯುವವಳ ಆಪರೇಷನ್

ಗಂಗಾವತಿಯ ಆ ಓಣಿಯಲ್ಲಿ ಹೆಂಗಸರು ಯಾರೇ ತೀರಿಕೊಂಡರೂ ಮೊದಲು ಕರೆ ಹೋಗುವುದು ಶಾಹಜಾದಬಿಗೆ. ಮಣ್ಣಿಗೆ ಒಯ್ಯುವ ಮುಂಚೆ ಮೈತೊಳೆಯುವ ಕೆಲಸ, ಅಂದರೆ ಗುಸುಲ್, ಅವಳದು. ಬೋರೆ ಗಿಡದ ಎಲೆ ಹಾಕಿ ಕಾಸಿದ ನೀರು, ಕರ್ಪೂರ, ಮೈಮೇಲೊಂದು ಚಾದರ. ಅದು ಸರಿಯದಂತೆ ಅದರ ಕೆಳಗೇ ಕೈಯಾಡಿಸಿ ತೊಳೆಯುತ್ತಿದ್ದಳು. ಹೊಟ್ಟೆಪಾಡಿಗೆ ಹೊಲಿಗೆ ಕೆಲಸವಿತ್ತು, ಗಂಡ ಶಫೀಸಾಬ ಅಕ್ಕಿ ಮಿಲ್ಲಿನ ಲಾರಿ ಓಡಿಸುತ್ತಿದ್ದ. ಇವಳಿಗೆ ಹೆದರಿಕೆ ಅನ್ನುವುದೇ ಗೊತ್ತಿಲ್ಲ ಎಂದು ಓಣಿಯವರೆಲ್ಲ ನಂಬಿದ್ದರು.

ಆದರೆ ಒಂದು ಹೆದರಿಕೆ ಅವಳೊಳಗೆ ಗಟ್ಟಿಯಾಗಿ ಕೂತಿತ್ತು. ಗರ್ಭಕೋಶದ ಆಪರೇಷನ್ನಿಗೆಂದು ಹೋಗಿ ಜೀವಂತ ಮರಳದ ಒಬ್ಬ ಹೆಂಗಸನ್ನು ಹಿಂದೊಮ್ಮೆ ತೊಳೆದಿದ್ದಳು. ಹೊಕ್ಕುಳಿನಿಂದ ಕೆಳಗಿನವರೆಗೆ ಗೋಣಿಚೀಲ ಹೊಲಿದಂಥ ಗಾಯ. ಅದರ ಮೇಲೆ ಬೆರಳು ಹಾಯ್ದಾಗ ಆದ ನಡುಕವನ್ನು ಯಾರಿಗೂ ಹೇಳಿರಲಿಲ್ಲ. ಹಾಗಾಗಿ ತನಗೇ ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗತೊಡಗಿದಾಗ ಮಗಳು ಮುಸ್ಕಾನಳ ಮುಂದೆಯೂ ಬಾಯಿ ಬಿಡಲಿಲ್ಲ. ಹಳೇ ಸೀರೆ ಹರಿದು ಮಡಚಿಟ್ಟುಕೊಂಡು ದಿನ ದೂಡಿದಳು.

ಅದೇ ಓಣಿಯ ಹಾಜಿಸಾಬರ ತಾಯಿ ತೀರಿಕೊಂಡ ದಿನ, ರಕ್ತ ನಿಂತಿದೆ ಎಂದುಕೊಂಡೇ ಮೈತೊಳೆಯಲು ಹೋಗಿದ್ದಳು. ನೀರು ಹೊಯ್ಯುತ್ತಿದ್ದಂತೆ ಕಣ್ಣು ಕತ್ತಲಿಟ್ಟು ಕೊಡ ಕೈಜಾರಿತು, ಅಲ್ಲೇ ಕುಸಿದಳು. ಹೆಂಗಸರು ಹೊರಗೆ ಎತ್ತಿ ತಂದಾಗ ಸೀರೆಯೆಲ್ಲ ರಕ್ತವಾಗಿತ್ತು.

ಊರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಗರ್ಭಕೋಶದ ತುಂಬ ಗಡ್ಡೆಗಳಿವೆ ಎಂದರು. ರಕ್ತ ಏರಿಸಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿಯ ಡಾಕ್ಟರ್ ಅನುಸೂಯಾ, ಕುಷ್ಟಗಿ ಕಡೆಯವರು.

“ಕ್ಯಾನ್ಸರ್ ಇದ್ದಂಗ ಕಾಣಂಗಿಲ್ರಿ,” ಎಂದರು ಅನುಸೂಯಾ. “ಆದ್ರ ಗಡ್ಡಿ ಮೂತ್ರದ ಚೀಲಕ್ಕ ಒತ್ತಿಕೊಂಡೈತಿ. ಭಾಳ ನಾಜೂಕ ಕೆಲಸ. ಗರ್ಭಕೋಶ ತಗೀಬೇಕು. ರೋಬೋಟ್ ಮಷೀನ್‌ಲೆ ಮಾಡಿದ್ರ ಹೊಟ್ಟಿ ಉದ್ದಕ ಕೊಯ್ಯೂದು ತಪ್ಪತೈತಿ, ಸಣ್ಣ ಸಣ್ಣ ತೂತು ಅಷ್ಟ.”

“ಮಷೀನಾ?” ಎಂದಳು ಶಾಹಜಾದಬಿ. “ನಡುವ ಅದರ ತಲಿ ಕೆಟ್ರ ಏನ್ರಿ ಮೇಡಂ?”

“ಅದಕ್ಕ ತಲೀನ ಇಲ್ರಿ. ಅದೇ ಖೋಲ್ಯಾಗ ನಾ ಕುಂತು ಕೈ ಆಡಿಸಿದಂಗ ಅದು ಆಡತೈತಿ. ಇನ್ನೊಬ್ರು ಡಾಕ್ಟರ್ ನಿಮ್ಮ ಬಾಜೂಕ ನಿಂತಿರ್ತಾರ.”

“ನೀವ ಯಾಕ ನಿಂದರಂಗಿಲ್ರಿ?”

ಡಾಕ್ಟರ್ ನಕ್ಕರು. ಶಾಹಜಾದಬಿ ನಗಲಿಲ್ಲ. ಆಗ ಅವರೂ ನಗು ಬಿಟ್ಟು ಹೇಳಿದರು: “ಏನೂ ಆಗಂಗಿಲ್ಲ ಅಂತ ಸುಳ್ಳು ಹೇಳೂದಿಲ್ರಿ. ಅಪರೂಪಕ್ಕೊಮ್ಮೆ ಹೊಟ್ಟಿ ತೆರೀಬೇಕಾಗತೈತಿ. ಹಿಂಗ ಬಿಟ್ರ ಮಾತ್ರ ಮತ್ತ ಬೀಳ್ತೀರಿ.”

ಆಪರೇಷನ್ನಿನ ದಿನ ಬೆಳಿಗ್ಗೆ ನರ್ಸ್ ಶ್ವೇತಾ ಬಂದಳು. “ಮೂಗುತಿ ತಗೀರಿ, ಬಳಿ ತಗೀರಿ,” ಎನ್ನುತ್ತ ಮೈಮೇಲೆ ಹಸಿರು ಬಟ್ಟೆ ಹೊದಿಸಿ, ಅದನ್ನು ಅಷ್ಟಷ್ಟೇ ಸರಿಸಿ ಹೊಟ್ಟೆ ಒರೆಸತೊಡಗಿದಳು. ಶಾಹಜಾದಬಿ ಆ ಕೈಗಳನ್ನೇ ನೋಡಿದಳು. ಎಷ್ಟು ಹೆಂಗಸರ ಮೂಗುತಿಯನ್ನು ತಾನು ಹೀಗೇ ಬಿಚ್ಚಿ ಮನೆಯವರ ಕೈಗೆ ಕೊಟ್ಟಿದ್ದಳು! ದಡಕ್ಕನೆ ಎದ್ದು ಕುಳಿತಳು.

“ನಾ ಒಲ್ಲೆ! ಮುಸ್ಕಾನ್, ನಡಿ ಮನಿಗೆ.”

“ಅಮ್ಮಿ, ಹಿಂಗ ಮಾಡಬ್ಯಾಡ,” ಮಗಳು ಅಳತೊಡಗಿದಳು.

ಸುದ್ದಿ ತಿಳಿದು ಡಾಕ್ಟರ್ ಬಂದು ಮಂಚದ ಮೇಲೇ ಕುಳಿತರು. “ಏನ್ ಅಂಜಿಕಿ, ಬಿಚ್ಚಿ ಹೇಳ್ರಿ.”

“ನಾ ಸತ್ತ ಹೆಂಗಸರ ಮೈ ತೊಳಿಯಾಕಿ ರೀ,” ಎಂದಳು ಶಾಹಜಾದಬಿ. “ಒಬ್ಬಾಕಿ ಮೈನೂ ಬಯಲಿಗೆ ಬಿಟ್ಟಿಲ್ಲ. ಈಗ ನಂಗ ಎಚ್ಚರಿಲ್ಲದಾಗ ನನ್ನ ಯಾರ್ ಮುಚ್ಚತಾರ?”

ಮಾತಾಡಿದ್ದು ಶ್ವೇತಾ. “ನಾ ಒಳಗ ಇರ್ತೀನಿ ಆಪಾ. ಬೇಕಾದ ಜಾಗಾ ಬಿಟ್ಟು ಉಳಿದದ್ದೆಲ್ಲ ಮುಚ್ಚೇ ಇಡ್ತೀನಿ. ನಿಮಗ ಎಚ್ಚರ ಆಗೂತನಕ ಬಿಟ್ಟು ಹೋಗಂಗಿಲ್ಲ.”

ಅಷ್ಟಕ್ಕೇ ಹೆದರಿಕೆ ಇಳಿಯಲಿಲ್ಲ. ಆದರೂ ಶಾಹಜಾದಬಿ ಮೂಗುತಿ ತಿರುವಿ ಬಿಚ್ಚಿ ಮಗಳ ಅಂಗೈಗೆ ಹಾಕಿದಳು.

ಒಳಗೆ ವಿಪರೀತ ಚಳಿ. ಪ್ಲಾಸ್ಟಿಕ್ ಹೊದ್ದ ಮಷೀನು ಉದ್ದುದ್ದ ಕೈಗಳನ್ನು ಮಡಚಿಕೊಂಡು ಪಕ್ಕದಲ್ಲೇ ನಿಂತಿತ್ತು. ಅದನ್ನು ನೋಡಿದ್ದೇ ಕಣ್ಣು ಬಿಗಿಯಾಗಿ ಮುಚ್ಚಿ, ಕೊನೆಗಾಲದಲ್ಲಿ ಹೇಳುವ ಕಲ್ಮಾ ಹೇಳತೊಡಗಿದಳು. ಪೂರ್ತಿ ಹೇಳಿದೆನೋ ಇಲ್ಲವೋ ಎಂಬುದು ಅವಳಿಗೆ ಕೊನೆಗೂ ನೆನಪಾಗಲಿಲ್ಲ.

ಎಚ್ಚರವಾದಾಗ ಬಲಭುಜ ಸಿಡಿಯುತ್ತಿತ್ತು. “ಹೆಗಲ ಕೊಯ್ದಾರ!” ಎಂದು ಚೀರಲು ಹೋದಳು, ಪಿಸುದನಿಯಷ್ಟೇ ಹೊರಟಿತು.

“ಕೊಯ್ದಿಲ್ಲ ಆಪಾ,” ಶ್ವೇತಾ ಬಗ್ಗಿ ಹೇಳಿದಳು. “ಹೊಟ್ಯಾಗ ಗಾಳಿ ತುಂಬಿ ಮಾಡ್ಯಾರ, ಅದರ ನೋವು ಹೆಗಲಿಗೆ ಬರತೈತಿ. ಎರಡು ದಿನದಾಗ ಹೋಗತೈತಿ. ಗರ್ಭಕೋಶ ಕೆಳಗಿಂದ ತಗದ್ರು.” ಬಟ್ಟೆ ಕುತ್ತಿಗೆಯವರೆಗೂ ಹೊದಿಸಿತ್ತು. ಶಾಹಜಾದಬಿ ಕೈ ಒಳಗೆ ಸರಿಸಿ ಹೊಟ್ಟೆ ತಡಕಿದಳು. ಅಲ್ಲಲ್ಲಿ ಸಣ್ಣ ಪಟ್ಟಿಗಳು. ನಡುವಿನಲ್ಲಿ ಉದ್ದನೆಯ ಹೊಲಿಗೆ ಸಿಗಲಿಲ್ಲ. ನಂಬಿಕೆ ಬಾರದೆ ಮತ್ತೆ ತಡಕಿದಳು.

ಮನೆಗೆ ಬಂದರೂ ನೆಮ್ಮದಿಯಿಲ್ಲ. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು. ಫೋನು ಬಂದರೆ ಸಾಕು, ಮಾಡುತ್ತಿದ್ದುದನ್ನು ಬಿಟ್ಟು ಎದ್ದು ಕೂರುವಳು. ಕೆಮ್ಮು ಬಂದರೆ ಹೊಲಿಗೆ ಬಿಚ್ಚೀತೆಂದು ದಿಂಬು ಅವುಚಿಕೊಳ್ಳುವಳು.

ಒಂದು ಮಧ್ಯಾಹ್ನ ಡಾಕ್ಟರ್ ಫೋನ್ ಮಾಡಿದರು. “ಕ್ಯಾನ್ಸರ್ ಇಲ್ಲ ಶಾಹಜಾದಬಿಯವರ. ಬರೇ ಗಡ್ಡಿ. ಭಾರ ಎತ್ತಬ್ಯಾಡ್ರಿ, ತೋರಸಾಕ ಬರ್ರಿ.”

“ಹೂಂರಿ,” ಎಂದಷ್ಟೇ ಹೇಳಿ ಫೋನನ್ನು ಮಗಳ ಕೈಗಿತ್ತಳು. ಆಮೇಲೆ ನಡುಕ ಶುರುವಾಯಿತು. ಹಲ್ಲಿಗೆ ಹಲ್ಲು ಕಟಕಟ ತಾಗತೊಡಗಿದವು. ಊಟಕ್ಕೆ ಕೂತಿದ್ದ ಶಫೀಸಾಬ ಗಾಬರಿಯಿಂದ ಎದ್ದ.

“ಜ್ವರ ಬಂತೇನ? ಕಂಬಳಿ ತರ್ಲಿ?”

“ಜ್ವರ ಅಲ್ರಿ. ಇಷ್ಟ ದಿನದ ಅಂಜಿಕಿ, ಈಗ ಹೊಂಟೈತಿ. ಹೋಗಲಿ ಬಿಡ್ರಿ.”

ಶಫೀಸಾಬ ಎಂಜಲು ಕೈ ಒರೆಸಿಕೊಂಡು, ನಡುಕ ನಿಲ್ಲುವವರೆಗೂ ಅವಳ ಪಾದಗಳನ್ನು ಹಿಡಿದುಕೊಂಡು ಕುಳಿತ.