ಹನ್ನೆರಡು ಡಬ್ಬಿಗಳ ಭೀಮರಾಜ್

ದೊಡ್ಡಬಳ್ಳಾಪುರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಭೀಮರಾಜ್ ಬೆಳಿಗ್ಗೆ ಬಂದವರೇ, ಮಕ್ಕಳ ಜ್ವರ ನೋಡುವ ಹಾಗೆ ಹನ್ನೆರಡು ಹಳೆಯ ಕಂಪ್ಯೂಟರುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ದೊಡ್ಡ ಸರ್ವರ್ ಕೊಳ್ಳಲಾಗದ ಕಾಲೇಜಿಗಾಗಿ, ಸೋಂಪುರದ ಕಾರ್ಖಾನೆಯೊಂದು ಬೇಡವೆಂದು ಕೊಟ್ಟ ಇವುಗಳನ್ನು ಕೇಬಲ್ಲಿನಿಂದ ಹೆಣೆದು, ಒಂದೇ ಯುನಿಕ್ಸ್ ಸರ್ವರಿನಂತೆ ದುಡಿಸುತ್ತಿರುವವರು ಅವರೇ. ಅರವತ್ತು ವಿದ್ಯಾರ್ಥಿಗಳು ತಮ್ಮ ತಮ್ಮ ಮೇಜಿನ ಪರದೆಗಳಿಂದ ಒಟ್ಟಿಗೆ ಲಾಗಿನ್ ಆದರೆ ಹನ್ನೆರಡೂ ಭಾರ ಹಂಚಿಕೊಳ್ಳುತ್ತವೆ. ಒಬ್ಬೊಬ್ಬರು ಬರೆದದ್ದೂ ಎರಡೆರಡು ಕಂಪ್ಯೂಟರುಗಳಲ್ಲಿ ಉಳಿಯುತ್ತದೆ. ಆದರೂ ಫ್ಯಾನಿನ ಸದ್ದು ತುಸು ಬದಲಾದರೆ ಅವರು ಓಡಿಬಂದು ಕಿವಿಗೊಟ್ಟು ಕೇಳುತ್ತಾರೆ. "ಮೆಲ್ಲಗೆ ಒತ್ರಪ್ಪಾ, ಅವೂ ಉಸಿರಾಡ್ಬೇಕು" ಎಂದು ಕೀಲಿ ಒತ್ತುವ ಹುಡುಗರಿಗೆ ಹೇಳುತ್ತಾರೆ. ಮೋಡ ಕವಿದರೆ ಕರೆಂಟ್ ಹೋದೀತೆಂದು ಲೈನ್‌ಮನ್‌ಗೆ ಫೋನ್ ಮಾಡುತ್ತಾರೆ. ಗುಡಿಸಲು ಬರುವ ಸೊಣ್ಣಮ್ಮ ಪ್ಲಗ್ಗಿನ ಹತ್ತಿರ ಹೋದರೆ, "ಯಕ್ಕಾ, ಆ ಕಡೆ ಪೊರಕೆ ಬೇಡ!" ಎಂದು ಓಡುತ್ತಾರೆ. "ನಿನ್ ಡಬ್ಬಿಗಳಿಗೆ ದೃಷ್ಟಿ ತೆಗೆದ್ಬಿಡ್ಲೇನಪ್ಪಾ?" ಎಂದು ಆಕೆ ನಗುತ್ತಾಳೆ. ಇಂದು ಪ್ರಾಯೋಗಿಕ ಪರೀಕ್ಷೆ. ಅರ್ಧ ಹೊತ್ತು ಕಳೆದಿತ್ತು, ಏಳನೆಯ ಡಬ್ಬಿಯ ದೀಪ ಆರಿಹೋಯಿತು. "ಸಾರ್, ಒಂದ್ ಗಳಿಗೆ ನಿಂತಂಗಾಯ್ತು, ಈಗ ಸರಿ ಹೋಯ್ತು" ಎಂದಳು ಪರೀಕ್ಷೆ ಬರೆಯುತ್ತಿದ್ದ ಮೋನಿಷಾ. "ಏನೂ ಆಗಿಲ್ಲ ಕಣಮ್ಮಾ, ನೀನು ಬರಿ" ಎಂದರು ಭೀಮರಾಜ್. ಅವಳ ಉತ್ತರ ಈಗ ಎಂಟನೆಯದರಲ್ಲಿ ಮಾತ್ರ ಉಳಿದಿದೆ, ಅದೂ ನಿಂತರೆ ಅವಳು ಬರೆದದ್ದೆಲ್ಲ ಹೋಯಿತು ಎಂಬುದು ಅವರೊಬ್ಬರಿಗೇ ಗೊತ್ತಿತ್ತು. ಹೇಳಿದರೆ ಹುಡುಗಿಯ ಕೈ ಓಡದು. ಆರಿದ ದೀಪ ಅವಳಿಗೆ ಕಾಣದ ಹಾಗೆ ಅವರು ಅದಕ್ಕೆ ಬೆನ್ನು ಕೊಟ್ಟು ನಿಂತರು. ಅವಳು ಕೊನೆಯ ಸಾಲು ಮುಗಿಸಿ ಎದ್ದುಹೋಗುವ ತನಕ ನಗುತ್ತಲೇ ನಿಂತಿದ್ದರು.