ಕೋಟಿನ ಮೇಲೆ ತೊಡುವ ವೇಷ

ಬೆಳಗಿನ ಜಾವ ಐದಕ್ಕೆ ಇನ್ನೂ ಹತ್ತು ನಿಮಿಷ. ಸುಪೀರಿಯರ್ ಸರೋವರದ ದಂಡೆಯ ನಮ್ಮ ಊರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯೊಳಗೆ ಆರ್ಲಿಸ್ ನೀಮಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ಎಡಕ್ಕೆ ರೋಗಿಗಳ ನಿಲುವಂಗಿಗಳ ರಾಶಿ, ಬಲಕ್ಕೆ ಹಾಸಿಗೆ ಬಟ್ಟೆಗಳ ರಾಶಿ. ನಿಲುವಂಗಿಯ ಬೆನ್ನಿಗೆ ಕಟ್ಟುವ ಲಾಡಿ ಕಿತ್ತಿದ್ದರೆ ಹೊಸದು ಹಚ್ಚಬೇಕು, ಹಾಸಿಗೆ ಬಟ್ಟೆಯ ಅಂಚು ಬಿಚ್ಚಿದ್ದರೆ ಮಡಿಸಿ ಹೊಲಿಯಬೇಕು. ದಿನಕ್ಕೆ ಎಪ್ಪತ್ತು ನಿಲುವಂಗಿ, ಮೂವತ್ತು ಹಾಸಿಗೆ ಬಟ್ಟೆ. ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ.

"ಆಪರೇಷನ್ ಆದೋರು ಡಾಕ್ಟ್ರ ಹೆಸ್ರು ಮರೆಯಲ್ಲ. ಲಾಡಿ ಹೊಲಿದೋಳು ಯಾರಿಗೆ ಬೇಕು? ಓಡಾಡ್ತಾ ಇರೋವಾಗ ಲಾಡಿ ಕಿತ್ಕೊಂಡ್ರೆ ನನ್ನ ನೆನಪಾಗತ್ತೆ, ಅದೂ ಬೈಯೋಕೆ" ಎನ್ನುತ್ತಾರೆ ಅರವತ್ತೆರಡರ ಆರ್ಲಿಸ್, ಸೂಜಿಯಿಂದ ಕಣ್ಣು ತೆಗೆಯದೆ.

ಪತ್ರಿಕೆಗೆ ಬರೆಯುವ ನಾನು ಬಂದಿದ್ದು ಲಾಡಿ ನೋಡಲಿಕ್ಕಲ್ಲ. ಮೇಜಿನ ತುದಿಯಲ್ಲಿ ಹಳೆಯ ಹಾಸಿಗೆ ಬಟ್ಟೆ ಹೊದ್ದುಕೊಂಡು ಏನೋ ಒಂದು ಕೂತಿದೆ. ಅಡಿಯಿಂದ ಕಿತ್ತಳೆ ಬಣ್ಣ ಇಣುಕುತ್ತಿದೆ. ಅದನ್ನು ನೋಡಬೇಕಾದರೆ ಆರೂವರೆಯ ಕಾಫಿ ವಿರಾಮದ ತನಕ ಕಾಯಬೇಕು. ಮನೆಯ ಯಂತ್ರದ ಸೂಜಿ ದಪ್ಪ ಬಟ್ಟೆಗೆ ಇಳಿಯುವುದಿಲ್ಲವೆಂದು, ಮೇಲ್ವಿಚಾರಕಿಯ ಒಪ್ಪಿಗೆ ಪಡೆದು, ವಿರಾಮದ ಆ ಅರ್ಧ ಗಂಟೆ ಮಾತ್ರ ಅವರು ತಮ್ಮ ಸ್ವಂತ ಕೆಲಸಕ್ಕೆ ಈ ಯಂತ್ರ ಬಳಸುತ್ತಾರೆ. ನಾನು ಎಷ್ಟು ಪೂಸಿ ಹೊಡೆದರೂ ಒಂದು ನಿಮಿಷ ಮುಂಚೆ ಆ ಬಟ್ಟೆ ಸರಿಯಲಿಲ್ಲ.

ನನ್ನ ಕುತೂಹಲಕ್ಕೆ ಕಾರಣವಿದೆ. ಹದಿನೆಂಟು ವರ್ಷದಿಂದ ಇವರ ಬೀದಿಯಲ್ಲೇ ಚಳಿ ತಿಂದುಕೊಂಡು ಬದುಕಿರುವವನು ನಾನು. ಮಕ್ಕಳು ವೇಷ ತೊಟ್ಟು ಮನೆಮನೆಗೆ ಬರುವ ಹ್ಯಾಲೋವೀನ್ ಹಬ್ಬದ ಸಂಜೆ, ಪ್ರತಿ ವರ್ಷ ಬಾಗಿಲಲ್ಲಿ ನಿಂತು ಮಕ್ಕಳಿಗೆ ಮಿಠಾಯಿ ಹಂಚುತ್ತೇನೆ. ಬರುವುದು ಹುಲಿ, ಮಾಟಗಾತಿ, ಅಸ್ಥಿಪಂಜರ. ಕಾಣುವುದು ಮಾತ್ರ ದಪ್ಪ ಕೋಟು. ಅಕ್ಟೋಬರ್ ಕೊನೆಗೆ ಸರೋವರದ ಗಾಳಿ ಹಲ್ಲು ಕಟಕಟಿಸುವಂತೆ ಬೀಸುವಾಗ ಯಾವ ತಾಯಿ ತಾನೇ ಮಗುವನ್ನು ಬರೀ ವೇಷದಲ್ಲಿ ಕಳಿಸಿಯಾಳು? "ನೀನು ಏನಾಗಿದೀಯ ಮರಿ?" ಎಂದು ನಾವು ಕೇಳುವುದು, ಮಗು ಕೈಗವಸಿನಲ್ಲಿ ತಡಕಾಡಿ ಜಿಪ್ಪು ಇಳಿಸಿ ತೋರಿಸುವುದು, ಇದು ಇಲ್ಲಿನ ಪದ್ಧತಿಯೇ ಆಗಿಹೋಗಿದೆ. ಆದರೆ ವರ್ಷಕ್ಕೊಂದು ಮಗು ಮಾತ್ರ ಕೋಟಿನ ಮೇಲೆ ವೇಷ ತೊಟ್ಟು ಬರುತ್ತದೆ. ಒಮ್ಮೆ ಮೀನು, ಒಮ್ಮೆ ದೀಪಸ್ತಂಭ. ಕೇಳುವ ಪ್ರಮೇಯವೇ ಇಲ್ಲ. ಅವೆಲ್ಲ ಒಂದೇ ಕೈಯ ಕೆಲಸ ಎಂಬುದು ನನ್ನ ಮಂದಬುದ್ಧಿಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ಆರೂವರೆಗೆ ಬಟ್ಟೆ ಸರಿಯುತ್ತದೆ. ಒಳಗಿರುವುದು ರಸ್ತೆಯ ಹಿಮ ತಳ್ಳುವ ಲಾರಿ, ಐದು ವರ್ಷದ ಮಗು ಹೆಗಲಿಗೆ ನೇತುಹಾಕಿಕೊಳ್ಳುವಷ್ಟು ದೊಡ್ಡದು. ಮೈಗೆ ಹಳೆಯ ಹಾಸಿಗೆಯ ಸ್ಪಂಜು. ಹೊದಿಕೆಗೆ ಆಸ್ಪತ್ರೆಯವರು ಚಿಂದಿಗೆ ಹಾಕಿದ ಬಟ್ಟೆ, ಕಿತ್ತಳೆ ಬಣ್ಣದಲ್ಲಿ ಅದ್ದಿದ್ದು. ಮುಂದಿನ ತಳ್ಳುಹಲಗೆ ಹಿಮದಲ್ಲಿ ಜಾರುವ ಆಟದ ಬಂಡಿಯದು. ಬಿರುಕು ಬಿಟ್ಟ ಪ್ಲಾಸ್ಟಿಕ್ ಬಂಡಿಯನ್ನು ಅರ್ಧಕ್ಕೆ ಕೊಯ್ದದ್ದು. ರಟ್ಟು ಯಾಕಿಲ್ಲ ಎಂದು ಕೇಳಿದೆ. "ರಟ್ಟು ಟೀವಿಲಿ ತೋರ್ಸೋರಿಗೆ ಚೆಂದ. ಇಲ್ಲಿ ಮೂರನೇ ಮನೆಗೇ ನೆಂದು ಹಿಟ್ಟಾಗತ್ತೆ."

ಈ ಲಾರಿ ಬಿರ್ಡಿಗೆ. ಆರ್ಲಿಸರ ಎದುರು ಮನೆಯ ಹುಡುಗಿ, ಬ್ರಿಜೆಟ್ ಎಂದು ಹೆಸರಿಟ್ಟರೂ ಹಾಗೆ ಕರೆಯುವವರಿಲ್ಲ. ಅವಳ ಅಪ್ಪ ಡೆಲ್ ಇಂಥದೇ ನಿಜವಾದ ಲಾರಿ ಓಡಿಸುತ್ತಾನೆ. ಹೋದ ವರ್ಷ ಬಿರ್ಡಿ ಗೂಬೆಯಾಗಿದ್ದಳು, ಕೋಟಿನೊಳಗೆ. ಮೊದಲ ಮೂರು ಮನೆಯಲ್ಲಿ ಏನು ಎಂದು ಕೇಳಿದರು, ತೋರಿಸಿದಳು. ನಾಲ್ಕನೆಯದು ಮುದುಕ ಓಡಗಾರ್ಡ್ ಅವರ ಮನೆ. ಅವರೂ ಕೇಳಿದರು. ಜಿಪ್ಪು ಸಿಕ್ಕಿಕೊಂಡಿತು. ಹುಡುಗಿ ಮಿಠಾಯಿ ಚೀಲವನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು ಅಳುತ್ತಾ ಮನೆಗೆ ಬಂದಳು. ಈ ಸಲ ಹೋಗುವುದೇ ಇಲ್ಲ ಎಂದು ಪಟ್ಟು ಹಿಡಿದವಳನ್ನು ಒಪ್ಪಿಸಲು ಆರ್ಲಿಸ್ ಒಂದು ಮಾತು ಕೊಟ್ಟಿದ್ದಾರೆ: ಯಾರೂ, ಒಬ್ಬರೂ, ನೀನು ಏನು ಎಂದು ಕೇಳುವುದಿಲ್ಲ.

"ಮಾತು ಕೊಡೋದು ಸುಲಭ. ಈಗ ನಿದ್ದೆ ಬರ್ತಿಲ್ಲ" ಎನ್ನುತ್ತಾ ಕಾಫಿಗೆ ಏಲಕ್ಕಿ ಬ್ರೆಡ್ಡು ಅದ್ದುತ್ತಾರೆ. ಅದು ಅವರ ಫಿನ್ಲೆಂಡಿನ ಅಜ್ಜಿ ಕಲಿಸಿದ ಬ್ರೆಡ್ಡು.

ವರ್ಷಕ್ಕೆ ಒಂದೇ ವೇಷ. ಬೆರಳ ಗಂಟುಗಳು ಊದಿವೆ, ದಿನಾ ಎದ್ದ ಕೂಡಲೇ ಬಿಸಿನೀರಲ್ಲಿ ಅದ್ದಿದರೆ ಮಾತ್ರ ಸೂಜಿ ಹಿಡಿಯಲಾಗುತ್ತದೆ. ಹಾಗಾಗಿ ಯಾರಿಗೆ ಹೊಲಿಯಬೇಕು ಎಂಬುದಕ್ಕೆ ಅವರದೊಂದು ಕಟ್ಟಳೆ ಇದೆ. ಹೋದ ವರ್ಷ ಅಳುತ್ತಾ ಮನೆಗೆ ಬಂದ ಮಗುವಿಗೆ ಈ ವರ್ಷದ ವೇಷ. ಯಾರು ಅತ್ತರು ಎಂಬ ಸುದ್ದಿ ನಮ್ಮ ಬೀದಿಯಲ್ಲಿ ತಾನಾಗಿ ಬರುತ್ತದೆ, ಹುಡುಕಿಕೊಂಡು ಹೋಗಬೇಕಾಗಿಲ್ಲ.

ಈ ಕಟ್ಟಳೆಗೆ ಮೂಲ ಅವರ ಮಗಳು ಕರೀನ್. ತೊಂಬತ್ತೊಂದರ ಹ್ಯಾಲೋವೀನ್ ದಿನ ಬಿದ್ದ ಹಿಮವನ್ನು ಇಲ್ಲಿ ಈಗಲೂ ಹೇಳಿಕೊಳ್ಳದ ಮನೆಯಿಲ್ಲ. ಆಗ ಕರೀನಳಿಗೆ ಐದು. ಅವಳ ಅಪ್ಪ ಅದಿರು ಸಾಗಿಸುವ ಹಡಗಿನಲ್ಲಿದ್ದರು, ವರ್ಷದ ಹತ್ತು ತಿಂಗಳು ನೀರ ಮೇಲೆ. ಆರ್ಲಿಸ್ ಹಳೆಯ ಪರದೆ ಕತ್ತರಿಸಿ ಮೂರು ವಾರ ಕೂತು ಚಿಟ್ಟೆಯ ರೆಕ್ಕೆ ಹೊಲಿದರು. ಬೆಚ್ಚಗಿನ ಅಡುಗೆಮನೆಯಲ್ಲಿ, ಒಳಂಗಿ ತೊಟ್ಟ ಮಗುವಿನ ಮೈಗೆ ಅಳತೆ ಹಿಡಿದರು. ಈ ಊರಲ್ಲಿ ಹುಟ್ಟಿ ಬೆಳೆದವರೂ ಸೆಪ್ಟೆಂಬರಿನ ಬಿಸಿಲಿಗೆ ಮರುಳಾಗಿ ಮಾಡುವ ತಪ್ಪು ಇದೇ.

"ಮಧ್ಯಾಹ್ನ ಹಿಮ ಶುರುವಾಯ್ತು. ರೆಕ್ಕೆ ಮೇಲೆ ಕೋಟು ಹಾಕಿದೆ, ಬೇರೆ ದಾರಿ ಇರ್ಲಿಲ್ಲ. ಏಳನೇ ಮನೇಲಿ ಆ ಯಮ್ಮ ಕೇಳಿದ್ರು, ನೀನು ಏನಾಗಿದೀಯ ಪುಟ್ಟಿ ಅಂತ. 'ನಾನು ಕೋಟು' ಅಂದ್ಳು." ಆರ್ಲಿಸ್ ಯಂತ್ರದ ದಾರ ಕತ್ತರಿಸುತ್ತಾರೆ. "ಅವರೆಲ್ಲ ನಕ್ಕರು. ನಾನೂ ನಕ್ಕೆ. ನಾನು ನಗಬಾರ್ದಿತ್ತು."

ಕರೀನಳಿಗೆ ಈಗ ಮೂವತ್ತೊಂಬತ್ತು, ದೂರದ ಊರಲ್ಲಿ ದಂತವೈದ್ಯೆ. ಫೋನಿನಲ್ಲಿ ನನ್ನ ಪ್ರಶ್ನೆ ಕೇಳಿ ನಗುತ್ತಾಳೆ. "ನನಗೆ ಅದು ನೆನಪೇ ಇಲ್ಲ. ಅಮ್ಮ ಮಾತ್ರ ಆ ಕೋಟು ಇನ್ನೂ ಬಿಚ್ಚಿಲ್ಲ." ಮರುವರ್ಷದಿಂದ ಲೆಕ್ಕ ಹಾಕಿದರೆ ಬಿರ್ಡಿಯ ಲಾರಿ ಮೂವತ್ನಾಲ್ಕನೆಯ ವೇಷ.

ಅಂದಿನಿಂದ ಆರ್ಲಿಸ್ ಮನೆಯೊಳಗೆ ಅಳತೆ ಹಿಡಿದಿಲ್ಲ. ಮಗು ಕೋಟು, ಟೋಪಿ, ಕೈಗವಸು, ಹಿಮದ ಬೂಟು ಎಲ್ಲ ಹಾಕಿಕೊಂಡು ಅವರ ಮನೆಯ ಹೊರ ಜಗಲಿಗೆ ಬರಬೇಕು. ಅಲ್ಲಿ ಪರೀಕ್ಷೆಗಳು ನಡೆಯುತ್ತವೆ. ಮೂರು ಮೆಟ್ಟಿಲು ಹತ್ತಬೇಕು. ಚೀಲಕ್ಕೆ ಕೈ ಹೋಗಬೇಕು. ಕೊನೆಯದು ಎಲ್ಲಕ್ಕಿಂತ ಕಠಿಣ, ಇಪ್ಪತ್ತು ಎಣಿಸುವುದರೊಳಗೆ ವೇಷ ಕಳಚಬೇಕು. "ಉಚ್ಚೆ ಹೇಳಿ ಬರತ್ತಾ?" ಎಂದು ಆರ್ಲಿಸ್ ನನ್ನನ್ನೇ ಕೇಳುತ್ತಾರೆ.

ಹಬ್ಬಕ್ಕೆ ನಾಲ್ಕು ದಿನ ಮೊದಲು ಬಿರ್ಡಿಯ ಪರೀಕ್ಷೆ. ನಾನೂ ಅವಳ ಅಪ್ಪನೂ ಪ್ರೇಕ್ಷಕರು. ಮೊದಲ ಮೆಟ್ಟಿಲಿಗೇ ತಳ್ಳುಹಲಗೆ ತಾಗಿ ಹುಡುಗಿ ಹಿಂದಕ್ಕೆ ಕೂತುಬಿಡುತ್ತಾಳೆ. ಅಳುವುದೋ ಬೇಡವೋ ಎಂದು ಎಲ್ಲರ ಮುಖ ನೋಡುತ್ತಾಳೆ.

"ಅಜ್ಜಿ, ಇದು ಕೆಟ್ಟೋಗಿದೆ."

"ಕೆಟ್ಟಿಲ್ಲ ಪುಟ್ಟಿ. ಅಜ್ಜಿ ತಲೆ ಕೆಟ್ಟಿದೆ. ಕೋಟಿಗೆ ಅಳತೆ ಹಿಡಿದೆ, ಮೆಟ್ಟಿಲಿಗೆ ಹಿಡೀಲಿಲ್ಲ."

ಡೆಲ್ ಮಗಳನ್ನು ಎತ್ತಿ ನಿಲ್ಲಿಸುತ್ತಾನೆ. "ರೈಲ್ ಹಳಿ ದಾಟೋವಾಗ ನಾವು ಹಲಗೆ ಎತ್ತೀವಿ ಆರ್ಲಿಸಮ್ಮ. ಇಲ್ದಿದ್ರೆ ನಮ್ಮದೂ ಇದೇ ಗತಿ."

ಮರುದಿನ ಕಾಫಿ ವಿರಾಮದಲ್ಲಿ ಆರ್ಲಿಸ್ ತಳ್ಳುಹಲಗೆಯ ಹೊಲಿಗೆ ಬಿಚ್ಚಿ, ಮೇಲಂಚಿಗೆ ಬಟ್ಟೆಯ ಪಟ್ಟಿ ಕೂರಿಸಿ ಬಾಗಿಲಂತೆ ಆಡುವ ಹಾಗೆ ಮಾಡುತ್ತಾರೆ. ಎತ್ತಲು ಎರಡು ಲಾಡಿ, ಎಡಕ್ಕೊಂದು ಬಲಕ್ಕೊಂದು, ಕೈಗವಸಿನ ಹಿಡಿತಕ್ಕೂ ಸಿಗುವಂತೆ ತುದಿಯಲ್ಲಿ ಗಂಟು. ನಿಲುವಂಗಿಗೆ ಹಚ್ಚುವಂಥದೇ ಲಾಡಿ, ಅದೇ ಹೊಲಿಗೆ, ಮೂರು ಸಲ ಹಿಂದೆ ಮುಂದೆ. ಇದು ಕೀಳುವುದಿಲ್ಲ ಎಂದು ನಾನು ಬಾಂಡ್ ಪೇಪರಿನಲ್ಲಿ ಬರೆದುಕೊಟ್ಟೇನು.

ಹಬ್ಬಕ್ಕೆ ಎರಡು ದಿನ ಮೊದಲು ವರ್ಷದ ಮೊದಲ ಹಿಮ ಬೀಳುತ್ತದೆ. ಹಬ್ಬದ ಸಂಜೆಯೂ ಸಣ್ಣಗೆ ಉದುರುತ್ತಿದೆ. ಡೆಲ್ ಕೆಲಸದ ಮೇಲೆ ಹೋಗಿದ್ದಾನೆ. ಬಿರ್ಡಿಯ ತಾಯಿ ಮನೆಯಲ್ಲಿ ಮಿಠಾಯಿ ಹಂಚಬೇಕು, ಹಾಗಾಗಿ ಜೊತೆಗೆ ಆರ್ಲಿಸ್ ಹೊರಟಿದ್ದಾರೆ, ಹಿಂದೆ ನಾನು. ಲಾರಿಯ ತಲೆಯ ಮೇಲೆ ಸೈಕಲ್ಲಿನ ಮಿನುಗುದೀಪ, ಪಕ್ಕಗಳಲ್ಲಿ ಡೆಲ್‌ನ ಹಳೆಯ ಜಾಕೀಟಿನಿಂದ ಕತ್ತರಿಸಿದ ಹೊಳೆಯುವ ಪಟ್ಟಿ. ಮೊದಲ ಮನೆಯಲ್ಲಿ ಬಾಗಿಲು ತೆರೆಯುತ್ತಲೇ "ಲಾರಿ ಬಂತು ನೋಡ್ರೋ" ಎಂಬ ಕೂಗು. ಎರಡನೆಯದರಲ್ಲೂ, ಮೂರನೆಯದರಲ್ಲೂ ಅದೇ. ನಾಲ್ಕನೆಯದರ ಮುಂದೆ ಲಾರಿ ನಿಂತುಬಿಡುತ್ತದೆ.

"ಆ ತಾತ ಕೇಳ್ತಾರೆ."

"ಕೇಳಲ್ಲ."

"ಕೇಳಿದ್ರೆ?"

"ಕೇಳಿದ್ರೆ ಮನೆಗೆ ಹೋಗೋಣ. ನಾನೂ ಬರ್ತೀನಿ" ಎನ್ನುತ್ತಾರೆ ಆರ್ಲಿಸ್. ಅವರ ದನಿಯಲ್ಲಿ ನನಗೆ ಧೈರ್ಯ ಕೇಳಿಸುವುದಿಲ್ಲ.

ಬಿರ್ಡಿ ಲಾಡಿ ಎಳೆದು ಹಲಗೆ ಎತ್ತಿ ಮೂರು ಮೆಟ್ಟಿಲು ಹತ್ತುತ್ತಾಳೆ. ಎಂಬತ್ತೈದರ ಓಡಗಾರ್ಡ್ ಬಾಗಿಲು ತೆರೆದು, ಕನ್ನಡಕ ಹಣೆಯಿಂದ ಇಳಿಸಿ, ಮೇಲಿನಿಂದ ಕೆಳಗೆ ನೋಡುತ್ತಾರೆ. ಅವರು ನೋಡುತ್ತಲೇ ಇದ್ದಾರೆ. ಆರ್ಲಿಸರ ಕೈ ನನ್ನ ತೋಳು ಹಿಡಿದುಕೊಂಡಿದೆ.

"ಓಹೋ, ಈಗ ಬಂದ್ಯಾ" ಎನ್ನುತ್ತಾರೆ ಮುದುಕರು. "ಮೊನ್ನೆ ಬೆಳಿಗ್ಗೆ ನಾನು ಒಂದು ಗಂಟೆ ಕಷ್ಟಪಟ್ಟು ಕಾರಿನ ದಾರಿ ಬಿಡಿಸಿದ್ದೆ. ನೀನು ಬಂದು ರಸ್ತೆ ಹಿಮ ಎಲ್ಲಾ ತಂದು ನನ್ನ ದಾರಿಗೇ ಒಟ್ಟಿ ಹೋದೆ. ಏನು, ನಮ್ಮನೆ ಮುಂದೆ ಬಂದಾಗ ನಿನ್ನ ಕಣ್ಣು ಕುರುಡಾಗತ್ತಾ?"

ನಮ್ಮ ಊರಲ್ಲಿ ಹಿಮದ ಲಾರಿಗೆ ಈ ಬೈಗುಳ ಬೈಯದ ಮನೆ ಇಲ್ಲ. ಆದರೆ ಇಷ್ಟು ಕಟ್ಟುನಿಟ್ಟಾಗಿ, ಲಾರಿಯ ಮುಖ ನೋಡಿಯೇ ಬೈದದ್ದನ್ನು ನಾನು ಕಂಡದ್ದು ಇದೇ ಮೊದಲು.

ಬಿರ್ಡಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾಳೆ. ಅಪ್ಪ ಫೋನಿನಲ್ಲಿ ಹೇಳುವುದನ್ನು ಎಷ್ಟು ಸಲ ಕೇಳಿದ್ದಾಳೋ. "ದೂರು ಇದ್ರೆ ಆಫೀಸಿಗೆ ಹೇಳಿ. ನಾವು ಹೇಳ್ದಷ್ಟು ಮಾಡೋರು."

ಮುದುಕರು ಗೊಣಗುತ್ತಾ ಚೀಲಕ್ಕೆ ಎರಡು ಮಿಠಾಯಿ ಹಾಕುತ್ತಾರೆ. ಲಾರಿ ಮೆಟ್ಟಿಲಿಳಿದು, ಹಲಗೆ ಇಳಿಸಿ, ಅವರ ಕಾಲುದಾರಿಯ ಹಿಮವನ್ನು ಗೇಟಿನ ತನಕ ತಳ್ಳಿಕೊಂಡು ಬಂದು, ಅಲ್ಲೇ ಅಡ್ಡಲಾಗಿ ಗುಡ್ಡೆ ಹಾಕಿ, ಮುಂದಿನ ಮನೆಗೆ ಓಡುತ್ತದೆ.

ಆರ್ಲಿಸ್ ನನ್ನ ತೋಳು ಬಿಟ್ಟು ಕೈಗವಸಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ಮೂವತ್ನಾಲ್ಕು ವರ್ಷದ ಕೆಲಸಕ್ಕೆ ಏನಾದರೂ ಸಿಗಬೇಕು ಎಂದು ಅನಿಸಿದೆಯೇ ಎಂದು, ಪತ್ರಿಕೆಯವನ ಚಾಳಿ ಬಿಡದೆ, ನಾನು ಕೇಳುತ್ತೇನೆ. ಅವರು ಮುಂದೆ ಹೋಗುತ್ತಿರುವ ಮಿನುಗುದೀಪವನ್ನೇ ನೋಡುತ್ತಿದ್ದಾರೆ.

"ಸಿಕ್ತಲ್ಲ" ಎನ್ನುತ್ತಾರೆ. "ಬೈಸ್ಕೊಂಡ್ಳು."